ಜೀನ್ ಏರ್ಸ್: ಥೆರಪಿ ಉಯ್ಯಾಲೆಯ ಹಿಂದಿನ ಸಂಶೋಧಕಿ

ಎ. ಜೀನ್ ಏರ್ಸ್ (1920–1988) ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್, ಮನೋವಿಜ್ಞಾನಿ. ಮಕ್ಕಳ ಥೆರಪಿ ಕೇಂದ್ರಗಳಲ್ಲಿ ಇವತ್ತು ಕಾಣುವ ಉಯ್ಯಾಲೆಗಳ ಹಿಂದೆ ಇರೋದು ಇವರ 'ಸೆನ್ಸರಿ ಇಂಟಿಗ್ರೇಷನ್' ಸಿದ್ಧಾಂತ. ಸ್ಪರ್ಶ, ಸಮತೋಲನ, ಸ್ನಾಯು-ಕೀಲುಗಳಿಂದ ಬರುವ ಸಂವೇದನೆಗಳನ್ನು ಮಿದುಳು ಸರಿಯಾಗಿ ಹೊಂದಿಸಿಕೊಳ್ಳದಿದ್ದರೆ ಕಲಿಕೆಗೂ ನಡವಳಿಕೆಗೂ ತೊಡಕಾಗುತ್ತದೆ ಎಂಬುದು ಅವರ ವಾದ. 1972ರ 'ಸೆನ್ಸರಿ ಇಂಟಿಗ್ರೇಷನ್ ಅಂಡ್ ಲರ್ನಿಂಗ್ ಡಿಸಾರ್ಡರ್ಸ್' ಪುಸ್ತಕದಲ್ಲಿ ಇದನ್ನು ಮಂಡಿಸಿದರು. ಬರೀ ಸಿದ್ಧಾಂತವಲ್ಲ, ಮಕ್ಕಳ ತೊಂದರೆಯನ್ನು ಅಳೆಯುವ ಪರೀಕ್ಷೆಗಳನ್ನೂ ರೂಪಿಸಿದರು.

ಚರ್ಚೆ ಇನ್ನೂ ಮುಗಿದಿಲ್ಲ. ಸಮಗ್ರ ಚಿಕಿತ್ಸೆಯ ಒಂದು ಭಾಗವಾಗಿ ಇದನ್ನು ಬಳಸಬಹುದು, ಆದರೆ ಪರಿಣಾಮದ ಕುರಿತ ಸಂಶೋಧನೆ ಸೀಮಿತ ಅನ್ನೋದನ್ನು ಪೋಷಕರಿಗೆ ತಿಳಿಸಬೇಕು ಎಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2012ರಲ್ಲಿ ಹೇಳಿತು. ಹಾಗಾಗಿ ಫೀಸು ಕಟ್ಟುವ ಮುನ್ನ ಕೇಳಿ: ಗುರಿ ಏನು? ಮಗು ತಾನೇ ಊಟ ಮಾಡೋದಾ, ಅಂಗಿ ಹಾಕಿಕೊಳ್ಳೋದಾ? ಅದು ಸಾಧ್ಯವಾಯಿತೇ ಅಂತ ಅಳೆಯೋದು ಯಾವಾಗ, ಹೇಗೆ? ಅಳತೆಯೇ ಇಲ್ಲದಿದ್ದರೆ ಉಳಿಯೋದು ಉಯ್ಯಾಲೆ ಮಾತ್ರ.