ಅಮೋಘವರ್ಷನ ಸ್ವಧರ್ಮನಿಷ್ಠೆ ಮತ್ತು ಪರಧರ್ಮಸಹನೆ

ನಾಗಪುರದ ಕನ್ನಡಿಗರಿಗೆ ರಾಷ್ಟ್ರಕೂಟರ ಚರಿತ್ರೆಯು ದೂರದ ನಾಡಿನ ಕಥೆಯಲ್ಲ. ನೆರೆಯ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ಮುಮ್ಮಡಿ ಕೃಷ್ಣನ ತಾಮ್ರಶಾಸನವು ಶಕ ೮೬೨, ಎಂದರೆ ಕ್ರಿ.ಶ. ೯೪೦ನೆಯ ವರ್ಷದ್ದು. ಬ್ರಾಹ್ಮಣನೊಬ್ಬನಿಗೆ ಅದರಲ್ಲಿ ದತ್ತಿಯಾಗಿ ಬಿಟ್ಟ ಗ್ರಾಮವು ‘ನಾಗಪುರ-ನಂದಿವರ್ಧನ’ ವಿಷಯಕ್ಕೆ ಸೇರಿದುದು. ನಂದಿವರ್ಧನವೆಂದರೆ ರಾಮಟೇಕದ ಬಳಿಯ ಇಂದಿನ ನಗರಧನ. ದತ್ತಿಯನ್ನು ಕೊಟ್ಟ ಕೃಷ್ಣನು ಪರಮಮಾಹೇಶ್ವರ. ಜೈನಕವಿಯಾದ ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನಿತ್ತವನೂ ಅವನೇ. ಗಾಂಧಿಬಾಗಿನ ಬಟ್ಟೆಪೇಟೆಯಲ್ಲಿ ನಾನಾ ಭಾಷೆಯ, ನಾನಾ ಮತದ ಜನರೊಡನೆ ದಿನವೂ ವ್ಯವಹರಿಸುವ ನಮಗೆ ಇಂತಹ ಸಂಗತಿಗಳು ಸಹಜವಾಗಿ ತೋರಬಹುದು. ಆದರೆ ಇವುಗಳ ಹಿಂದೆ ಒಂದು ಕಠಿನವಾದ ಪ್ರಶ್ನೆಯುಂಟು. ತನ್ನ ಗುರುವಿನ ಮಾರ್ಗವನ್ನು ಮನಸಾರೆ ಹಿಡಿದವನು ಪರರ ದೇವರ ಮುಂದೆ ಬಾಗಬಹುದೇ? ಬಾಗಿದರೆ ಅವನ ನಿಷ್ಠೆಗೆ ಊನವುಂಟೇ? ಇದನ್ನು ಪರಿಶೀಲಿಸಲು ಕೃಷ್ಣನ ಪೂರ್ವಜನಾದ ನೃಪತುಂಗ ಅಮೋಘವರ್ಷನಿಗಿಂತ ಉತ್ತಮವಾದ ನಿದರ್ಶನವು ನಮ್ಮ ಚರಿತ್ರೆಯಲ್ಲಿ ವಿರಳ.

ಕ್ರಿ.ಶ. ೮೧೪ರಿಂದ ೮೭೮ರವರೆಗೆ, ಸುಮಾರು ಅರುವತ್ತನಾಲ್ಕು ವರ್ಷ, ಮಾನ್ಯಖೇಟದಿಂದ ಆಳಿದ ಈ ಅರಸನು ಜೈನನೋ ಅಲ್ಲವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಬಹುಕಾಲದಿಂದ ವಾದವಿದೆ. ಜೈನನೆಂಬುವರ ಆಧಾರಗಳು ದುರ್ಬಲವಾದುವಲ್ಲ. ಜಿನಸೇನಾಚಾರ್ಯರ ಪಾದಗಳಿಗೆ ಎರಗಿ ಅಮೋಘವರ್ಷನು ತಾನು ಪವಿತ್ರನಾದೆನೆಂದು ಭಾವಿಸಿದನೆಂದು ಅವರ ಶಿಷ್ಯರಾದ ಗುಣಭದ್ರರು ಉತ್ತರಪುರಾಣದ ಪ್ರಶಸ್ತಿಯಲ್ಲಿ ತಿಳಿಸಿದ್ದಾರೆ. ಮಹಾವೀರಾಚಾರ್ಯರು ಗಣಿತಸಾರಸಂಗ್ರಹದ ಆದಿಯಲ್ಲಿ ಅವನನ್ನು ಸ್ಯಾದ್ವಾದಿಯೆಂದು ಕೊಂಡಾಡಿದ್ದಾರೆ. ಪ್ರಶ್ನೋತ್ತರರತ್ನಮಾಲಿಕೆಯ ಒಂದು ಪಾಠವು, ವಿವೇಕದಿಂದ ರಾಜ್ಯವನ್ನು ತೊರೆದ ಅಮೋಘವರ್ಷನೇ ಅದರ ಕರ್ತೃವೆಂದು ಹೇಳುತ್ತದೆ. ಬೇರೆ ಪಾಠಗಳು ಅದನ್ನು ಶಂಕರಾಚಾರ್ಯರಿಗೂ ವಿಮಲನಿಗೂ ಆರೋಪಿಸಿವೆ.

ಎದುರುಪಕ್ಷದ ಆಧಾರಗಳನ್ನೂ ನೋಡೋಣ. ಅವನ ತಾಮ್ರಶಾಸನಗಳು ಹರಿಹರರ ಸ್ತುತಿಯಿಂದ ಮೊದಲಾಗುತ್ತವೆ. ರಾಷ್ಟ್ರಕೂಟರ ಲಾಂಛನವೂ ಗರುಡನೇ. ಶಕ ೭೯೩ರ (ಕ್ರಿ.ಶ. ೮೭೧) ಸಂಜಾನ ತಾಮ್ರಶಾಸನವು ಕರಹಾಡದಿಂದ ಬಂದ ನಾಲ್ವರು ಬ್ರಾಹ್ಮಣರಿಗೆ ಕೊಟ್ಟ ದತ್ತಿಯನ್ನು ದಾಖಲಿಸುವುದಲ್ಲದೆ, ಒಂದು ವಿಸ್ಮಯಕರವಾದ ಸಂಗತಿಯನ್ನೂ ತಿಳಿಸುತ್ತದೆ. ಜನರಿಗೆ ಒದಗಿದ ವಿಪತ್ತನ್ನು ನೀಗಲು ಅಮೋಘವರ್ಷನು ತನ್ನ ಎಡಗೈಯ ಬೆರಳನ್ನೇ ಮಹಾಲಕ್ಷ್ಮಿಗೆ ಒಪ್ಪಿಸಿದನಂತೆ. ಶಾಸನಕವಿಯು ಅವನನ್ನು ಜೀಮೂತವಾಹನ, ಶಿಬಿ, ದಧೀಚಿಗಳ ಸಾಲಿನಲ್ಲಿ ನಿಲ್ಲಿಸಿದ್ದಾನೆ.

ಈ ಆಧಾರಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಬ್ಯಾಂಕಿನ ಕೆಲಸದಲ್ಲಿ ಪಳಗಿದವರಿಗೆ ಒಂದು ಭೇದವು ಸುಪರಿಚಿತ: ಸಂಸ್ಥೆಯ ಮೊಹರು ಬೇರೆ, ವ್ಯಕ್ತಿಯ ಸಹಿ ಬೇರೆ, ಅನ್ಯರು ಹೇಳುವ ಸಾಕ್ಷ್ಯವು ಮತ್ತೂ ಬೇರೆ. ಗರುಡಲಾಂಛನ, ಹರಿಹರಸ್ತುತಿಗಳು ರಾಜವಂಶದ ಮೊಹರುಗಳು. ಅಮೋಘವರ್ಷನು ಅವುಗಳನ್ನು ಹಿರಿಯರಿಂದ ಪಡೆದನು, ಮುಂದಿನವರಿಗೆ ಬಿಟ್ಟನು. ಅವುಗಳಿಂದ ಅವನ ಅಂತರಂಗವನ್ನು ಅಳೆಯಲಾಗದು. ಗುಣಭದ್ರ, ಮಹಾವೀರಾಚಾರ್ಯರ ಮಾತುಗಳು ಸಾಕ್ಷ್ಯಗಳು; ಗೌರವಾರ್ಹವಾದುವು, ಆದರೆ ತಮ್ಮ ಮತದ ಅಭ್ಯುದಯವನ್ನು ಬಯಸಿದವರ ಸಾಕ್ಷ್ಯಗಳು. ಬೆರಳಿನ ಅರ್ಪಣೆಯಾದರೋ ವ್ಯಕ್ತಿಯ ಸಹಿಯಂತಹುದು. ಯಾವ ವಂಶಸಂಪ್ರದಾಯವೂ ಅದನ್ನು ವಿಧಿಸಿರಲಿಲ್ಲ.

ಪ್ರಶಸ್ತಿಕವಿಯು ಉತ್ಪ್ರೇಕ್ಷೆ ಮಾಡಿರಬಾರದೇಕೆ ಎಂದು ಕೇಳಬಹುದು. ಮಾಡಿರಬಹುದು. ಆದರೂ ಒಂದು ಅಂಶವು ನಿಲ್ಲುತ್ತದೆ. ಈ ಶಾಸನವು ಹೊರಟುದು ಅಮೋಘವರ್ಷನ ಆಳ್ವಿಕೆಯ ಕೊನೆಯ ಭಾಗದಲ್ಲಿ, ಅವನದೇ ಆಸ್ಥಾನದಿಂದ. ಜಿನಸೇನರಲ್ಲಿ ಅವನಿಗಿದ್ದ ಭಕ್ತಿಯು ಆಗ ರಹಸ್ಯವಾಗಿದ್ದಿರಲಾರದು. ಹೀಗಿರುವಲ್ಲಿ ಮಹಾಲಕ್ಷ್ಮಿಯ ಸೇವೆಯನ್ನು ಅರಸನ ಕೀರ್ತಿಯಾಗಿ ಸಾರಲು ಆಸ್ಥಾನವು ಅಂಜಲಿಲ್ಲ. ಅದು ಗುರುದ್ರೋಹವೆಂದು ಅರಸನೂ ಎಣಿಸಲಿಲ್ಲ. ಆದುದರಿಂದ ‘ಜೈನನೋ ಅಲ್ಲವೋ’ ಎಂಬ ಪ್ರಶ್ನೆಯೇ ಆ ಕಾಲದ ಮನೋಧರ್ಮಕ್ಕೆ ಪೂರ್ಣವಾಗಿ ಹೊಂದದೆಂದು ನನಗೆ ತೋರುತ್ತದೆ. ಅಮೋಘವರ್ಷನ ವಿಚಾರವು ಜಿನಮಾರ್ಗದಲ್ಲಿ ನೆಲೆಗೊಂಡಿತ್ತು. ಪ್ರಜೆಗಳು ಸಂಕಟಕ್ಕೆ ಸಿಲುಕಿದಾಗ ಅವರು ನಂಬಿದ ದೇವತೆಯ ಮುಂದೆಯೇ ಅವನು ತನ್ನನ್ನು ಒಪ್ಪಿಸಿಕೊಂಡನು. ಮೊದಲನೆಯದು ಅವನ ಶೋಧನೆ, ಎರಡನೆಯದು ಪರರ ನಂಬಿಕೆಗೆ ಅವನು ಸಲ್ಲಿಸಿದ ಗೌರವ.

ಈ ಊಹೆಗೆ ಕನ್ನಡದಲ್ಲಿಯೇ ಬಲವಾದ ಬೆಂಬಲವಿದೆ. ನೃಪತುಂಗನ ಅನುಮತಿಯನ್ನು ಹೊತ್ತು ಶ್ರೀವಿಜಯನು ರಚಿಸಿದ ಕವಿರಾಜಮಾರ್ಗವು ನಮಗೆ ಉಪಲಬ್ಧವಾದ ಮೊದಲ ಕನ್ನಡ ಗ್ರಂಥ. ಲಕ್ಷಣಗ್ರಂಥವಾದ ಅದರಲ್ಲಿ ಮತವಿಚಾರಕ್ಕೆ ಎಡೆಯೇನೂ ಬೇಕಾಗಿರಲಿಲ್ಲ. ಆದರೂ ಪರರ ವಿಚಾರವನ್ನೂ ಪರರ ಧರ್ಮವನ್ನೂ ತಾಳಿಕೊಳ್ಳಬಲ್ಲ ಶಕ್ತಿಯೇ ಮನುಷ್ಯನಿಗೆ ನಿಜವಾದ ಹೊನ್ನು ಎಂಬ ಅರ್ಥದ ಮಾತು ಅಲ್ಲಿ ಬಂದಿದೆ. ಇದರಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಸಹಿಸಬೇಕಾದುದು ಧರ್ಮವನ್ನು ಮಾತ್ರವಲ್ಲ, ವಿಚಾರವನ್ನೂ ಸಹ. ಪರರ ಪೂಜೆಯನ್ನು ಸಹಿಸುವುದು ಸುಲಭ. ನಮ್ಮನ್ನು ಖಂಡಿಸುವ ಅವರ ವಿಚಾರವನ್ನು ಸಹಿಸುವುದು ಕಷ್ಟ. ಎರಡನೆಯದಾಗಿ, ಅಲ್ಲಿ ಬಳಸಿರುವುದು ‘ಸೈರಿಸು’ ಎಂಬ ಕ್ರಿಯಾಪದ. ಎಲ್ಲ ಮತಗಳೂ ಒಂದೇ ಎಂದು ಗ್ರಂಥಕಾರನು ಸಾರುತ್ತಿಲ್ಲ. ಭೇದವಿದ್ದಲ್ಲಿಯೇ ಸೈರಣೆಗೆ ಕೆಲಸ.

ಈ ಮಾತು ಗ್ರಂಥದಲ್ಲಿಯೇ ಉಳಿಯಲಿಲ್ಲ. ಅಮೋಘವರ್ಷನ ಮಾಂಡಲಿಕರಾದ ಶಿಲಾಹಾರರ ಆಡಳಿತದಲ್ಲಿ ಕೊಂಕಣದ ಕಾನ್ಹೇರಿ ಗುಹೆಗಳ ಬೌದ್ಧಸಂಘಕ್ಕೆ ದಾನಗಳು ನಡೆದುವು, ಶಕ ೭೯೯ರ (ಕ್ರಿ.ಶ. ೮೭೭) ಅಲ್ಲಿನ ಶಾಸನದಲ್ಲಿ ಅವನ ಹೆಸರಿದೆ. ಮುಮ್ಮಡಿ ಇಂದ್ರನ ಕಾಲದ ಚಿಂಚಣಿ ತಾಮ್ರಶಾಸನವು (ಶಕ ೮೪೮, ಕ್ರಿ.ಶ. ೯೨೬) ಇನ್ನೂ ಸ್ವಾರಸ್ಯವಾದುದು. ಸಂಜಾನದ ಪ್ರಾಂತವನ್ನು ಆಗ ಆಳುತ್ತಿದ್ದವನು ಮಧುಮತಿ, ಎಂದರೆ ಮಹಮ್ಮದನೆಂಬ ಅರಬ ಅಧಿಕಾರಿ. ಅವನ ಅಪ್ಪಣೆಯಿಂದ ದೇವಿಯ ಮಠಿಕೆಗೆ ಭೂಮಿಯು ಸಂದಿತು. ರಾಷ್ಟ್ರಕೂಟರು ಅರಬರಲ್ಲಿ ಸ್ನೇಹಭಾವವುಳ್ಳವರೆಂದು ಅರಬ ಪ್ರವಾಸಿಗರೂ ಬರೆದಿದ್ದಾರೆ. ಕಡಲವ್ಯಾಪಾರದ ಲಾಭವೂ ಇದಕ್ಕೆ ಕಾರಣವಾಗಿದ್ದಿರಬೇಕು. ಆದರೆ ಲಾಭವಿದ್ದೆಡೆಯಲ್ಲೆಲ್ಲ ಸೌಜನ್ಯವಿರುವುದಿಲ್ಲ.

ಹಾಗೆಂದು ಪ್ರಾಚೀನ ಕರ್ಣಾಟಕದಲ್ಲಿ ಮತಕಲಹವೇ ಇರಲಿಲ್ಲವೆಂದು ಹೇಳಿದರೆ ಚರಿತ್ರೆಗೆ ಅಪಚಾರವಾದೀತು. ಏಕಾಂತದ ರಾಮಯ್ಯನ ಅಬ್ಬಲೂರಿನ ಶಾಸನವು ಜೈನಶೈವರ ಘರ್ಷಣೆಗೆ ಸಾಕ್ಷಿ. ಕ್ರಿ.ಶ. ೧೩೬೮ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವೆದ್ದಾಗ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಲ್ಲಿ ಭೇದವೆಣಿಸಲಾಗದೆಂದು ತೀರ್ಪಿತ್ತನು. ಶ್ರವಣಬೆಳಗೊಳದ ಕಾವಲಿನ ವ್ಯವಸ್ಥೆಯನ್ನು ತಿರುಮಲೆಯ ತಾತಯ್ಯನಿಗೆ ಒಪ್ಪಿಸಿದನು. ಸೈರಣೆಯು ಜನರಲ್ಲಿ ತಾನಾಗಿ ಉಳಿಯದಾದಾಗ ರಾಜಾಜ್ಞೆಯು ಅದನ್ನು ಕಾಯಬೇಕಾಯಿತು.

ನಾಗಪುರದ ಈಚಿನ ಚರಿತ್ರೆಯೂ ಇದೇ ಪ್ರಶ್ನೆಯನ್ನು ಎರಡು ರೀತಿಗಳಲ್ಲಿ ನಮ್ಮ ಮುಂದಿಟ್ಟಿದೆ. ಹುಚ್ಚರ ಆಸ್ಪತ್ರೆಯಲ್ಲಿದ್ದ ತಾಜುದ್ದೀನ ಬಾಬಾರನ್ನು ಭೋಸಲೆ ಮನೆತನದ ರಘೂಜಿರಾಯರು ಬಿಡಿಸಿ ತಂದು ಶಕ್ಕರದರದ ತಮ್ಮ ಅರಮನೆಯಲ್ಲಿ ಇರಿಸಿಕೊಂಡರು. ೧೯೨೫ರಲ್ಲಿ ಬಾಬಾ ತೀರಿಕೊಂಡ ಮೇಲೆಯೂ ಅವರ ದರ್ಗಾಕ್ಕೆ ಎಲ್ಲ ಮತದವರೂ ನಡೆದುಕೊಳ್ಳುತ್ತಾರೆ. ಇದು ಅಮೋಘವರ್ಷನ ದಾರಿಗೆ ಸಮೀಪವಾದುದು. ಡಾ. ಅಂಬೇಡ್ಕರರು ೧೯೫೬ನೆಯ ಅಕ್ಟೋಬರ್ ೧೪ರಂದು ಇದೇ ನಗರದಲ್ಲಿ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ಹಳೆಯ ದೇವರುಗಳನ್ನು ಪೂಜಿಸೆವೆಂದು ಪ್ರತಿಜ್ಞೆ ಮಾಡಿದರು. ಇದು ಬೇರೆಯ ದಾರಿ. ಚಕ್ರವರ್ತಿಗೆ ಎಲ್ಲ ಗುಡಿಗಳ ಬಾಗಿಲೂ ತೆರೆದಿದ್ದುವು. ಬಾಗಿಲು ಮುಚ್ಚಿದವರ ಮುಂದೆಯೂ ಬಾಗಿರೆಂದು, ಹೊರಗೆ ನಿಲ್ಲಿಸಲ್ಪಟ್ಟವರಿಗೆ ಉಪದೇಶಿಸುವ ಹಕ್ಕು ಯಾರಿಗಿದೆ?

ಆದುದರಿಂದ ಪರಧರ್ಮಗೌರವವೆಂದರೆ ಎಲ್ಲರೂ ಎಲ್ಲ ದೇವರಿಗೂ ಕೈಮುಗಿಯುವುದೆಂದು ತಿಳಿಯಬೇಕಾಗಿಲ್ಲ. ಹಿಡಿಯುವುದಕ್ಕೆ ಇರುವಷ್ಟೇ ಸ್ವಾತಂತ್ರ್ಯವು ಬಿಡುವುದಕ್ಕೂ ಇರಬೇಕು. ನಮ್ಮ ಸಂವಿಧಾನದ ೨೫ನೆಯ ಅನುಚ್ಛೇದವು ರಕ್ಷಿಸುವುದು ಈ ಅಂತಃಕರಣದ ಸ್ವಾತಂತ್ರ್ಯವನ್ನೇ. ಕಾನೂನು ಬಾಹ್ಯವಾದ ಕಾವಲು ಮಾತ್ರ. ಪರರ ವಿಚಾರವನ್ನು ಸೈರಿಸುವ ಶಕ್ತಿಯನ್ನು ಪ್ರತಿಯೊಬ್ಬನೂ ತಾನೇ ಗಳಿಸಿಕೊಳ್ಳಬೇಕು. ಅದನ್ನು ಹೊನ್ನೆಂದು ಕರೆದ ಹಿರಿಯರ ಮಾತು ನಮ್ಮ ಭಾಷೆಯ ಮೊದಲ ಗ್ರಂಥದಲ್ಲಿಯೇ ದೊರೆತಿರುವುದು ಕನ್ನಡಿಗರ ಪುಣ್ಯ. ಆ ಹೊನ್ನನ್ನು ಉಳಿಸಿಕೊಳ್ಳುವುದು ಅವರ ಹೊಣೆ.