ನಾಣ್ಯದ ಮುಖ, ನಾಣ್ಯದ ತೂತು

ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳನ್ನು ವಿದ್ವಾಂಸರು ಮೊದಲು ರೋಮಿನ ಕಣ್ಣಿನಿಂದಲೇ ಓದಿದರು. ಹಾಗೆ ಓದುವಂಥ ಚರಿತ್ರೆ ಅವುಗಳ ಮೇಲೆ ಅಚ್ಚಾಗಿಯೇ ಇತ್ತು. ಎಂಟು ಗ್ರಾಮಿಗೆ ತುಸು ಕಡಿಮೆ ತೂಗುವ ಆಗಸ್ಟಸ್‌ನ ಚಿನ್ನದ ಔರಿಯಸ್‌ನಲ್ಲಿ ಈಟಿ, ಗುರಾಣಿಗಳೊಡನೆ ನಿಂತವರು ಗಾಯಸ್ ಮತ್ತು ಲೂಸಿಯಸ್. ಪಟ್ಟಕ್ಕೆಂದು ಅವನು ದತ್ತು ತೆಗೆದುಕೊಂಡ ಮೊಮ್ಮಕ್ಕಳು. ಇಬ್ಬರೂ ಅಜ್ಜನಿಗಿಂತ ಮೊದಲೇ ತೀರಿಕೊಂಡರು. ಕ್ಲಾಡಿಯಸ್‌ನ ಚಿನ್ನದಲ್ಲಿ ಬ್ರಿಟನ್ನಿನ ವಿಜಯದ ಕಮಾನು, ವೆಸ್ಪಾಸಿಯನ್‌ನದರಲ್ಲಿ ಸೋತು ಕುಳಿತ ಜುದೇಯ. ಭಾರತದಲ್ಲಿ ಸಿಕ್ಕವನ್ನೆಲ್ಲ 1904ರಲ್ಲಿ ಪಟ್ಟಿಮಾಡಿದ ರಾಬರ್ಟ್ ಸೆವೆಲ್, ಯಾವ ಚಕ್ರವರ್ತಿಯ ನಾಣ್ಯ ಹೆಚ್ಚೋ ಅವನ ಕಾಲದಲ್ಲಿ ವ್ಯಾಪಾರವೂ ಹೆಚ್ಚು ಎಂದು ಲೆಕ್ಕಹಾಕಿದರು. ನೀರೋನ ನಂತರ ವ್ಯಾಪಾರ ಕುಸಿಯಿತೆಂಬ ಮಾತು ಬೇರೂರಿದ್ದು ಹೀಗೆ.

ಈ ಲೆಕ್ಕವನ್ನು ಅಲುಗಾಡಿಸಿದ್ದು ಉತ್ಖನನ. ಅದುವರೆಗೆ ನಮ್ಮಲ್ಲಿ ಸಿಕ್ಕಿದ್ದು ಹೆಚ್ಚಾಗಿ ಆಕಸ್ಮಿಕ ನಿಧಿಗಳು. 1891ರಲ್ಲಿ ಯಶವಂತಪುರದಲ್ಲಿ ದೊರೆತ 163 ಬೆಳ್ಳಿಯ ದಿನೇರಿಯಸ್‌ಗಳು ಅಂಥವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ 1929ರ ಸುಮಾರಿಗೆ ಅಗೆದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಮತ್ತೆ ಅಗೆದಾಗ ಟೈಬೀರಿಯಸ್‌ನ ದಿನೇರಿಯಸ್ ಮಣ್ಣಿನ ಪದರದೊಳಗೇ ಸಿಕ್ಕಿತು. ಅದರ ಬಲದಿಂದ ವೀಲರ್ ಶಾತವಾಹನ ಕಾಲದ ಪದರಗಳಿಗೆ ಕಾಲ ಕಟ್ಟಿದರು. ಆದರೆ ನಾಣ್ಯ ಟಂಕಿಸಿದ ವರ್ಷವೇ ಅದು ಮಣ್ಣು ಸೇರಿದ ವರ್ಷವಲ್ಲ. ನೀರೋ ಕ್ರಿ.ಶ. 64ರಲ್ಲಿ ಔರಿಯಸ್‌ನ ತೂಕ, ದಿನೇರಿಯಸ್‌ನ ಬೆಳ್ಳಿ ಎರಡನ್ನೂ ತಗ್ಗಿಸಿದ ಮೇಲೆ, ತೂಗಿ ಕೊಳ್ಳುವ ವರ್ತಕ ಹಳೆಯದನ್ನೇ ಬಯಸುವುದು ಸಹಜ. ಆಗಸ್ಟಸ್‌ನ ಮುಖ ಎಷ್ಟೋ ದಶಕ ಕಳೆದ ಮೇಲೂ ಇಲ್ಲಿಗೆ ಬಂದಿರಬಹುದು. ಆದ್ದರಿಂದ ಪದರಕ್ಕೆ ಇಂಥ ನಾಣ್ಯ ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ.

ಆಮೇಲಿನ ಸಂಶೋಧನೆ ಇಲ್ಲಿಯ ಕೈಗಳು ನಾಣ್ಯಕ್ಕೆ ಮಾಡಿದ್ದರತ್ತ ಹೊರಳಿತು. 1898ರಲ್ಲಿ ಪುದುಕೋಟೆ ಸೀಮೆಯಲ್ಲಿ ಸಿಕ್ಕ 501 ಔರಿಯಸ್‌ಗಳಲ್ಲಿ ಬಹುಪಾಲಿಗೆ ಉಳಿಯ ಏಟು ಬಿದ್ದಿದೆ, ಅದೂ ಚಕ್ರವರ್ತಿಯ ತಲೆಗೇ. ಚಿನ್ನದ ಶುದ್ಧಿಯನ್ನಷ್ಟೇ ನೋಡುವುದಿದ್ದರೆ ಯಾವ ಬದಿಯಾದರೂ ಆಗುತ್ತಿತ್ತು. ಆ ಮುಖಕ್ಕೆ ಇಲ್ಲಿ ಅಧಿಕಾರವಿಲ್ಲ ಎಂದು ಸಾರಿದ್ದೆಂಬ ವಾದಕ್ಕೇ ಹೆಚ್ಚು ಬಲ. ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ 1977ರಲ್ಲಿ ಸಿಕ್ಕ ಚಿನ್ನದ ನಾಣ್ಯಗಳಲ್ಲಿ ಸೆವೆರಸ್ ವಂಶದವರೂ ಇದ್ದಾರೆ, ಕಾನ್‌ಸ್ಟಾಂಟಿನೋಪಲ್‌ನ ದೊರೆಗಳೂ ಇದ್ದಾರೆ. ನೀರೋನಿಗೇ ಎಲ್ಲ ಮುಗಿಯಿತೆಂಬ ಮಾತಿಗೆ ಇದೇ ಉತ್ತರ. ಈ ತಡಕಾಲದ ಚಿನ್ನಕ್ಕೆ ದಕ್ಷಿಣದಲ್ಲಿ ಹಲವೆಡೆ ತಲೆಯ ಮೇಲ್ಗಡೆ ಜೋಡಿ ತೂತು ಕೊರೆದಿದ್ದಾರೆ. ಕಾಸಿನ ಸರದಂತೆ ಪೋಣಿಸಿದರೆ ಮುಖ ನೆಟ್ಟಗೆ ನಿಲ್ಲುತ್ತದೆ.

ಒಡವೆಯಾದದ್ದು ವ್ಯಾಪಾರಕ್ಕೆ ಸಾಕ್ಷಿಯಾದೀತೇ ಎಂದು ಆಕ್ಷೇಪಿಸಬಹುದು. ನಾಣ್ಯದ ಸಂಖ್ಯೆಯಿಂದ ವ್ಯಾಪಾರದ ಪ್ರಮಾಣವನ್ನು ಅಳೆಯಲಾಗದು, ನಿಜ. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಸೆಳೆಯುತ್ತದೆಂದು ರೋಮಿನ ಲೇಖಕ ಪ್ಲಿನಿ ಗೊಣಗಿದ; ಆ ಹೊನ್ನು ಬಂದಮೇಲೆ ಏನಾಯಿತೆಂಬುದು ಅವನ ಚಿಂತೆಯಲ್ಲ, ನಮ್ಮ ಚಿಂತೆ. ಅದಕ್ಕೆ ಉತ್ತರ ಏಟಿನಲ್ಲಿ, ತೂತಿನಲ್ಲಿ, ಸವೆತದಲ್ಲಿದೆ. ಕುಡಿಕೆಯಿಂದ ತೆಗೆದು ಒಂದೊಂದಾಗಿ ಮಾರಿದ ನಾಣ್ಯದಿಂದಲೂ ಆಗಸ್ಟಸ್‌ನ ಚರಿತ್ರೆ ಬರೆಯಬಹುದು. ಸಿಕ್ಕ ಜಾಗ, ಜೊತೆಗಿದ್ದ ಸಾಮಾನು ದಾಖಲಾಗದಿದ್ದರೆ ಕರ್ನಾಟಕದ ಚರಿತ್ರೆ ಬರೆಯಲಾಗದು.