ಇಪ್ಪತ್ತೊಂಬತ್ತು ಅಂಕಗಳ ಒಂದು ಸಂಖ್ಯೆ

ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ನಿಮಿತ್ತವಾಗಿ ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ವಿಲಕ್ಷಣವಾದ ಒಂದು ಗಾಹೆಯಿದೆ. ಅದರ ಬಹುಭಾಗ ಕೇವಲ ಅಕ್ಷರಗಳ ಸಾಲೆಂದು ತೋರುತ್ತದೆ. ಕಟಪಯಾದಿ ಕ್ರಮದಂತೆ ಅಕ್ಷರಕ್ಕೊಂದು ಅಂಕವನ್ನಿಟ್ಟು ಬಲದಿಂದ ಎಡಕ್ಕೆ ಬರೆದರೆ ಪರ್ಯಾಪ್ತ ಮನುಷ್ಯರ ಸಂಖ್ಯೆ ದೊರೆಯುತ್ತದೆ: ೭೯೨೨೮೧೬೨೫೧೪೨೬೪೩೩೭೫೯೩೫೪೩೯೫೦೩೩೬.

ಇದನ್ನು ಜನಗಣತಿಯೊಡನೆ ಹೋಲಿಸಹೊರಡುವುದು ವ್ಯರ್ಥ. ೨೦೨೨ರಲ್ಲಿ ಜಗತ್ತಿನ ಜನಸಂಖ್ಯೆ ಮುಟ್ಟಿದ್ದು ೮೦೦ ಕೋಟಿಯನ್ನು. ಗಾಹೆಯ ಎಣಿಕೆಯಾದರೋ ಆಗಮೋಕ್ತ ಲೋಕವಿಚಾರಕ್ಕೆ ಸೇರಿದ್ದು. ಗಣಿತದ ದೃಷ್ಟಿಯಿಂದ ಮುಖ್ಯವಾದುದು ಈ ಸಂಖ್ಯೆಯ ರಚನೆ.

ಎರಡರಿಂದ ತೊಡಗಿ ವರ್ಗವನ್ನು ಮತ್ತೆ ವರ್ಗಿಸುತ್ತ ಹೋದರೆ ೪, ೧೬, ೨೫೬, ಆಮೇಲೆ ೬೫೫೩೬ ಬರುತ್ತದೆ. ಐದನೆಯ ವರ್ಗ ೪೨೯೪೯೬೭೨೯೬. ಮೊದಲೆರಡು ಅಂಕಗಳಿಂದಲೇ ಪ್ರಾಕೃತದಲ್ಲಿ ಇದಕ್ಕೆ ‘ಬಾದಾಲ’, ಅಂದರೆ ನಲವತ್ತೆರಡು, ಎಂಬ ಹೆಸರು. ಆರನೆಯ ವರ್ಗ ೧೮೪೪೬೭೪೪೦೭೩೭೦೯೫೫೧೬೧೬. ಈ ಐದನೆಯ ಮತ್ತು ಆರನೆಯ ವರ್ಗಗಳ ಗುಣಲಬ್ಧವೇ ಗಾಹೆಯ ಸಂಖ್ಯೆ. ಎರಡನ್ನು ತೊಂಬತ್ತಾರು ಬಾರಿ ಇಟ್ಟು ಗುಣಿಸಿದರೂ ಇದೇ ಬರುತ್ತದೆ. ಆದ್ದರಿಂದ ಇದರ ಅರ್ಧಚ್ಛೇದಗಳು ೯೬. ಎರಡನ್ನು ಆಧಾರವಾಗಿಟ್ಟ ಲಾಗರಿದಮ್ ಎಂದು ಇಂದಿನವರು ಹೇಳುವುದು ಇದನ್ನೇ. ಹಾಗೆಂದು ೧೬೧೪ರಲ್ಲಿ ನೇಪಿಯರ್ ಪ್ರಕಟಿಸಿದ ಕೋಷ್ಟಕಗಳು ನಮ್ಮಲ್ಲಿ ಮೊದಲೇ ಇದ್ದುವೆಂದು ಬೀಗಬೇಕಾಗಿಲ್ಲ. ಇದ್ದುದು ಪರಿಕಲ್ಪನೆ, ಅದು ಸಣ್ಣದೇನಲ್ಲ.

ಶ್ವೇತಾಂಬರ ಪರಂಪರೆಯ ‘ಅನುಯೋಗದ್ವಾರ ಸೂತ್ರ’ವೂ ಮನುಷ್ಯರ ಕನಿಷ್ಠ ಸಂಖ್ಯೆಯನ್ನು ಇಷ್ಟೆಂದೇ ಹೇಳುತ್ತದೆ. ಆದರೆ ಅಲ್ಲಿರುವುದು ಬೇರೆ ದಾರಿ: ಇಪ್ಪತ್ತೊಂಬತ್ತು ಸ್ಥಾನಗಳು, ಐದನೆಯ ವರ್ಗದಿಂದ ಗುಣಿಸಿದ ಆರನೆಯ ವರ್ಗ, ತೊಂಬತ್ತಾರು ಸಲ ಅರ್ಧಿಸಬಹುದಾದ ರಾಶಿ. ಒಂದು ಪರಂಪರೆ ಅಂಕಗಳನ್ನು ಕಾಪಾಡಿತು, ಇನ್ನೊಂದು ಅವನ್ನು ಪಡೆಯುವ ವಿಧಿಯನ್ನು ಕಾಪಾಡಿತು. ಅನೇಕ ವಿಷಯಗಳಲ್ಲಿ ಭಿನ್ನಮತವುಳ್ಳ ಎರಡು ಪರಂಪರೆಗಳು ಇಲ್ಲಿ ಅರಿಯದೆಯೇ ಒಂದಕ್ಕೊಂದು ಸಾಕ್ಷಿಯಾಗಿವೆ.

ಈ ಸಾಕ್ಷ್ಯದ ಅಗತ್ಯ ಓಲೆಗರಿಗಳನ್ನು ಪ್ರತಿಮಾಡುವವರಿಗೆ ಚೆನ್ನಾಗಿ ತಿಳಿದಿರುತ್ತದೆ. ಕನ್ನಡ ಲಿಪಿಯಲ್ಲಿ ‘ವ’ ಮತ್ತು ‘ಪ’ಗಳಿಗೆ ಬಹಳ ಅಂತರವಿಲ್ಲ. ಗಾಹೆಯ ಎಂಟನೆಯ ಅಕ್ಷರ ವಕಾರ. ಅದರ ಬೆಲೆ ೪, ಸ್ಥಾನ ಕೋಟಿ. ಲಿಪಿಕಾರನು ಅದನ್ನು ಪಕಾರವೆಂದು ಬರೆದುಬಿಟ್ಟರೆ ೪ ಹೋಗಿ ೧ ಬರುತ್ತದೆ, ಮೂರು ಕೋಟಿ ಕಡಿಮೆಯಾಗುತ್ತದೆ. ಇಪ್ಪತ್ತೊಂಬತ್ತು ಅಂಕಗಳ ನಡುವೆ ಅದು ಕಣ್ಣಿಗೆ ಬೀಳುವುದಿಲ್ಲ. ಆದರೆ ಅರ್ಧಿಸುತ್ತ ಹೋದವನಿಗೆ ಏಳು ಸಲ ಅರ್ಧಿಸುವಷ್ಟರಲ್ಲೇ ಬೆಸಸಂಖ್ಯೆ ಎದುರಾಗಿ, ಮುಂದಿನ ಎಂಬತ್ತೊಂಬತ್ತು ಅರ್ಧಗಳಿಗೆ ದಾರಿಯೇ ಮುಚ್ಚುತ್ತದೆ.